ವಾರಕ್ಕೊಂದು ತರಗತಿ: ಯಾವ ದಿನ, ಯಾವ ಹೊತ್ತು?

ಸಹಾಬಿವರ್ಯರಾದ ಅಬ್ದುಲ್ಲಾ ಇಬ್ನು ಮಸ್‌ಊದ್(ರ) ಪ್ರತಿ ಗುರುವಾರ ಜನರಿಗೆ ಉಪದೇಶ ನೀಡುತ್ತಿದ್ದರು. ಕೇಳುಗರಲ್ಲಿ ಒಬ್ಬರಿಗೆ ಇದು ಸಾಲಲಿಲ್ಲ. ದಿನವೂ ಉಪದೇಶ ಮಾಡಬಾರದೇ ಎಂದು ಕೇಳಿಕೊಂಡರು. ಇಬ್ನು ಮಸ್‌ಊದ್(ರ) ಒಪ್ಪಲಿಲ್ಲ. ಕೇಳುವವರಿಗೆ ಬೇಸರ ಹುಟ್ಟಿಸುವುದು ತಮಗೆ ಇಷ್ಟವಿಲ್ಲವೆಂದೂ, ಪ್ರವಾದಿ(ಸ)ರು ಕೂಡ ಸಂಗಾತಿಗಳಿಗೆ ಬೇಸರವಾದೀತೆಂದು ಹೊತ್ತು ನೋಡಿಯೇ ಉಪದೇಶಿಸುತ್ತಿದ್ದರೆಂದೂ ತಿಳಿಸಿದರು. ಸಹೀಹ್ ಬುಖಾರಿಯ ಜ್ಞಾನದ ಅಧ್ಯಾಯದಲ್ಲಿ ಈ ಹದೀಸ್ ಇದೆ.

ಮಕ್ಕಳ ದೀನೀ ತರಗತಿಗೆ ವೇಳಾಪಟ್ಟಿ ಮಾಡಲು ಕೂರುವವರು ಮೊದಲು ಈ ಹದೀಸನ್ನು ಓದಿಕೊಳ್ಳಬೇಕು ಎಂದು ನಾವು ಈಗ ಹೇಳುತ್ತೇವೆ. ಆಗ ನಾವು ಓದಿಕೊಂಡು ಕೂತವರಲ್ಲ. ಒಂದು ವರ್ಷ ಎಡವಿದ ಮೇಲೆ ಓದಿದವರು.

ನಾವು ಬೆಂಗಳೂರಿನ ಒಂದು ಬಡಾವಣೆಯಲ್ಲಿ ನೆಲೆಸಿರುವ ಕೆಲವು ಕುಟುಂಬಗಳು. ಹೆಚ್ಚಿನವರು ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಬಂದವರು, ಕೆಲವರು ಹಾಸನ, ದಾವಣಗೆರೆಯವರು. ಕರಾವಳಿಯವರಾದ ನಾವು ಸುಬಹ್ ನಮಾಝ್ ಮುಗಿಯುತ್ತಿದ್ದಂತೆ ಮುಸ್‌ಹಫನ್ನು ಎದೆಗವಚಿಕೊಂಡು ಮದ್ರಸಕ್ಕೆ ಓಡಿದವರು. ಅಲ್ಲಿಂದ ಮನೆ, ಒಂದು ಲೋಟ ಚಹಾ, ಮತ್ತೆ ಶಾಲೆ. ಘಟ್ಟದ ಮೇಲಿನವರು ಅಸರ್ ಅಥವಾ ಮಗ್ರಿಬ್ ಆದ ಮೇಲೆ ಮಕ್ತಬ್‌ನಲ್ಲಿ ಕೂತವರು. ದಿನವೂ ಕಲಿತಿದ್ದೇವೆ ಎಂಬುದು ಆಗ ನಮ್ಮ ಅರಿವಿಗೇ ಬಂದಿರಲಿಲ್ಲ. ಊಟದ ಹಾಗೆ ಅದೂ ನಡೆದುಹೋಗುತ್ತಿತ್ತು. ನಮ್ಮ ಮಕ್ಕಳಿಗೆ ಅದು ಸಿಗಲಿಲ್ಲ. ಶಾಲೆಯ ಬಸ್ ಏಳೂಕಾಲಕ್ಕೆ ಬರುತ್ತದೆ, ಮಕ್ಕಳು ಮನೆ ಸೇರುವಾಗ ಸಂಜೆ ನಾಲ್ಕೂವರೆ, ಮತ್ತೆ ಟ್ಯೂಷನ್. ನಾಳೆ ನೋಡೋಣ, ರಜೆಯಲ್ಲಿ ಊರಿಗೆ ಹೋದಾಗ ಉಸ್ತಾದರ ಹತ್ತಿರ ಕೂರಿಸೋಣ ಎಂದುಕೊಂಡೇ ವರ್ಷಗಳು ಉರುಳಿದವು.

ನಮ್ಮಲ್ಲೊಬ್ಬರ ತಂದೆ ಊರಿನಲ್ಲಿ ತೀರಿಕೊಂಡಾಗ ಜನಾಝ ನಮಾಝಿಗೆ ಅವರ ಹದಿನಾಲ್ಕು ವರ್ಷದ ಮಗ ಎರಡನೇ ಸಾಲಿನಲ್ಲಿ ನಿಂತಿದ್ದ. ಇಮಾಮರು ತಕ್ಬೀರ್ ಹೇಳಿದಾಗೆಲ್ಲ ಅವನೂ ಕೈ ಎತ್ತಿದ, ಸಲಾಮ್ ಹೇಳಿದ. ಬೆಂಗಳೂರಿಗೆ ಮರಳುವ ದಾರಿಯಲ್ಲಿ, ಶಿರಾಡಿ ಘಾಟಿ ದಾಟಿದ ಮೇಲೆ, ಅಪ್ಪನ ಹತ್ತಿರ ಮೆಲ್ಲಗೆ ಕೇಳಿದನಂತೆ: "ಅಜ್ಜನ ನಮಾಝಲ್ಲಿ ನಡುವೆ ಏನು ಹೇಳ್ಬೇಕಿತ್ತು? ನಾನು ಸುಮ್ನೆ ನಿಂತಿದ್ದೆ." ಶಾಫಿಈ ಮದ್‌ಹಬ್‌ನ ಕ್ರಮದಲ್ಲಿ ಮೊದಲ ತಕ್ಬೀರಿನ ಬಳಿಕ ಫಾತಿಹಾ, ಎರಡನೆಯದರ ಬಳಿಕ ಪ್ರವಾದಿ(ಸ)ರ ಮೇಲೆ ಸ್ವಲಾತ್, ಮೂರನೆಯದರ ಬಳಿಕ ಮೃತರಿಗಾಗಿ ದುಆ. ಒಂದು ವಾರದಲ್ಲಿ ಕಲಿಯಬಹುದಾದಷ್ಟೇ ವಿಷಯ. ಕಲಿಸಲು ಒಂದು ವಾರ ನಮಗೆ ಸಿಕ್ಕಿರಲಿಲ್ಲ. ಆ ತಂದೆ ಇದನ್ನು ಹೇಳಿದ ರಾತ್ರಿಯೇ ವಾರಕ್ಕೊಂದು ತರಗತಿಯ ಮಾತು ಶುರುವಾಯಿತು.

ಜೂನ್‌ನಲ್ಲಿ ಆರಂಭಿಸಿದೆವು. ಶನಿವಾರ ಮಗ್ರಿಬ್ ನಮಾಝಿನ ಬಳಿಕ ಎಂದು ಗೊತ್ತುಪಡಿಸಿದೆವು. ಸುಲಭದ ಲೆಕ್ಕ. ಮಕ್ಕಳು ನಮಾಝಿಗೆ ಬರುತ್ತಾರೆ, ಹಾಗೇ ಕೂರುತ್ತಾರೆ. ಮೊದಲ ಎರಡು ತಿಂಗಳು ಮೂವತ್ತರ ಮೇಲೆ ಮಕ್ಕಳು ಬಂದರು. ನವೆಂಬರ್ ಹೊತ್ತಿಗೆ ಹನ್ನೊಂದಕ್ಕೆ ಇಳಿಯಿತು. ಕಾರಣ ತಿಳಿಯಲು ನಮಗೆ ಸ್ವಲ್ಪ ಸಮಯ ಹಿಡಿಯಿತು. ಬೆಂಗಳೂರಿನಲ್ಲಿ ಜುಲೈ ಮೊದಲ ವಾರ ಸೂರ್ಯ ಮುಳುಗುವುದು ಸುಮಾರು 6.50ಕ್ಕೆ. ನವೆಂಬರ್ ಕೊನೆಗೆ 5.50ಕ್ಕೇ ಮುಳುಗುತ್ತಾನೆ. ಅಂದರೆ ನಾವು ಗೊತ್ತುಪಡಿಸಿದ 'ಹೊತ್ತು' ಐದು ತಿಂಗಳಲ್ಲಿ ಒಂದು ಗಂಟೆ ಹಿಂದಕ್ಕೆ ಸರಿದಿತ್ತು. ಶಾಲೆ, ಟ್ಯೂಷನ್, ಅಪ್ಪನ ಆಫೀಸು ಯಾವುದೂ ಅದರ ಜೊತೆ ಸರಿದಿರಲಿಲ್ಲ. ಮಕ್ಕಳು ಮೈದಾನದಲ್ಲಿ ಇರುವಾಗಲೇ ತರಗತಿ ಶುರುವಾಗಿಬಿಡುತ್ತಿತ್ತು. ತಡವಾಗಿ ಬಂದ ಮಗು ಒಂದು ಸಲ ಬಾಗಿಲಲ್ಲಿ ನಾಚಿ ನಿಂತರೆ ಮುಂದಿನ ವಾರ ಬರುವುದೇ ಇಲ್ಲ.

ಅಸರ್‌ಗೆ ಬದಲಾಯಿಸೋಣ ಎಂದಾಗ ಇನ್ನೊಂದು ತೊಡಕು. ಶಾಫಿಈ ಲೆಕ್ಕದ ಅಸರ್‌ಗೂ ಹನಫಿ ಲೆಕ್ಕದ ಅಸರ್‌ಗೂ ನಮ್ಮ ಅಕ್ಷಾಂಶದಲ್ಲಿ ಸುಮಾರು ಒಂದು ಗಂಟೆಯ ಅಂತರವಿದೆ. ವಸ್ತುವಿನ ನೆರಳು ಅದರಷ್ಟೇ ಉದ್ದವಾದಾಗ ಎಂಬುದು ಒಂದು ಮದ್‌ಹಬ್, ಎರಡರಷ್ಟಾದಾಗ ಎಂಬುದು ಇನ್ನೊಂದು (ಎರಡರಲ್ಲೂ ನಡುಹಗಲಿನ ನೆರಳನ್ನು ಬಿಟ್ಟು ಲೆಕ್ಕ). ನಮ್ಮ ಗುಂಪಿನಲ್ಲಿ ಎರಡೂ ಕಡೆಯವರಿದ್ದರು. 'ಅಸರ್ ಆದ ಮೇಲೆ' ಎಂದರೆ ಅರ್ಧ ಮನೆಗಳಿಗೆ ಮೂರೂಮುಕ್ಕಾಲು, ಉಳಿದ ಅರ್ಧಕ್ಕೆ ಐದು. ಇದರಲ್ಲಿ ಯಾರದೂ ತಪ್ಪಿಲ್ಲ. ಆದರೆ ತರಗತಿಗೆ ಗಡಿಯಾರದ ಹೊತ್ತೇ ಬೇಕು.

ಕರಾವಳಿಯ ದಿನನಿತ್ಯದ ಮದ್ರಸವನ್ನು ನೋಡಿ ಬೆಳೆದ ನಮಗೆ ಬೆಳಿಗ್ಗೆಯೇ ಮಾಡೋಣ ಎಂಬ ಆಸೆಯೂ ಇತ್ತು. ಆ ಪದ್ಧತಿಯ ಬಲ ಸಾಮಾನ್ಯವಾದುದಲ್ಲ. ಸಮಸ್ತ ಕೇರಳ ಇಸ್ಲಾಂ ಮತ ವಿದ್ಯಾಭ್ಯಾಸ ಬೋರ್ಡ್ 1951ರಲ್ಲಿ ರೂಪುಗೊಂಡಿತು. ಪಠ್ಯಪುಸ್ತಕ, ತರಗತಿವಾರು ಪಾಠ, 5, 7, 10, 12ನೇ ತರಗತಿಗಳಿಗೆ ಪಬ್ಲಿಕ್ ಪರೀಕ್ಷೆ ಎಂಬ ಕ್ರಮವನ್ನು ನಮ್ಮ ಊರಿನ ಸಣ್ಣ ಮದ್ರಸಗಳಿಗೂ ತಲುಪಿಸಿತು. ಶಾಲೆಯಲ್ಲಿ ಹಿಂದುಳಿದ ಹುಡುಗನೂ ಮದ್ರಸ ಪರೀಕ್ಷೆಯಲ್ಲಿ ಪಾಸಾಗಿ ಎದೆಯುಬ್ಬಿಸಿ ನಡೆಯುತ್ತಿದ್ದ. ಆದರೆ ಇಂದು ಊರಿನಲ್ಲೇ ಅದರ ಮೇಲೆ ಒತ್ತಡ ಬಿದ್ದಿದೆ. ಮಂಗಳೂರಿನಲ್ಲಿ ಜನವರಿ ಕೊನೆಗೆ ಸೂರ್ಯ ಹುಟ್ಟುವುದು 6.55ರ ಸುಮಾರಿಗೆ. ಏಳೂಕಾಲಕ್ಕೆ ಶಾಲೆಯ ವ್ಯಾನ್ ಬರುವ ಮನೆಯ ಮಗು ಕತ್ತಲಲ್ಲೇ ಮದ್ರಸಕ್ಕೆ ಹೋಗಿ, ಅರ್ಧ ಪಾಠಕ್ಕೆ ಎದ್ದು ಬರಬೇಕು. ಹಿಂದೆ ಶಾಲೆ ಹತ್ತು ಗಂಟೆಗೆ ಶುರುವಾಗುತ್ತಿದ್ದ ಕಾಲದ ಲೆಕ್ಕ ಈಗ ಹೊಂದುತ್ತಿಲ್ಲ.

ನಿದ್ದೆಯ ಮಾತನ್ನೂ ಎತ್ತಲೇಬೇಕು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ ಶಿಫಾರಸು ಮಾಡಿದೆ. ಸುಬಹ್‌ಗೆ ಐದೂವರೆಗೆ ಏಳಬೇಕಾದ ಹತ್ತು ವರ್ಷದ ಮಗು ಒಂಬತ್ತು ಗಂಟೆ ನಿದ್ರಿಸಬೇಕಾದರೆ ಎಂಟೂವರೆಗೆ ಮಲಗಿರಬೇಕು. ನಮ್ಮ ಮನೆಗಳಲ್ಲಿ ಎಂಟೂವರೆಗೆ ಊಟವೇ ಆಗಿರುವುದಿಲ್ಲ. ಮಗು ಬೆಳಿಗ್ಗೆ ಏಳುವುದಿಲ್ಲ ಎಂದು ದೂರುವ ನಾವು ರಾತ್ರಿ ಹತ್ತೂವರೆಯವರೆಗೆ ಹಾಲ್‌ನಲ್ಲಿ ಟಿವಿ ಹಾಕಿಕೊಂಡು ಕೂತಿರುತ್ತೇವೆ. ಇಶಾದ ಬಳಿಕ ಸುಮ್ಮನೆ ಮಾತಾಡುತ್ತಾ ಕೂರುವುದನ್ನು ಪ್ರವಾದಿ(ಸ)ರು ಇಷ್ಟಪಡುತ್ತಿರಲಿಲ್ಲ ಎಂಬ ಹದೀಸ್ ನಮಗೆಲ್ಲ ಗೊತ್ತು. ಅದು ದೊಡ್ಡವರಿಗೆ ಹೇಳಿದ್ದು ಎಂಬುದನ್ನು ಮಾತ್ರ ಮರೆಯುತ್ತೇವೆ.

ಇಷ್ಟಾದ ಮೇಲೆ ಒಂದು ಸಂಜೆ ಕೂತು ಕಾಗದದ ಮೇಲೆ ಲೆಕ್ಕ ಹಾಕಿದೆವು. ದಿನವೂ ಒಂದು ಗಂಟೆ, ವಾರಕ್ಕೆ ಆರು ದಿನ, ವರ್ಷಕ್ಕೆ ಸುಮಾರು ನಲವತ್ತು ವಾರ ನಡೆಯುವ ಮದ್ರಸದಲ್ಲಿ ಮಗುವಿಗೆ 240 ಗಂಟೆ ಸಿಗುತ್ತದೆ. ವಾರಕ್ಕೊಮ್ಮೆ ಒಂದೂಮುಕ್ಕಾಲು ಗಂಟೆ ನಡೆಯುವ ತರಗತಿಯಲ್ಲಿ ಅದೇ ನಲವತ್ತು ವಾರಗಳಿಗೆ 70 ಗಂಟೆ. ಮೂರನೇ ಒಂದು ಪಾಲೂ ಇಲ್ಲ. ಇದನ್ನು ಮುಚ್ಚಿಟ್ಟು, ನಮ್ಮ ಮಕ್ಕಳೂ ಮದ್ರಸದಲ್ಲಿ ಕಲಿಯುತ್ತಿದ್ದಾರೆ ಎಂದು ಸಮಾಧಾನಪಟ್ಟುಕೊಂಡರೆ ಅದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು. ಅದರಲ್ಲೂ ಕುರ್‌ಆನ್ ಓದು ವಾರಕ್ಕೊಮ್ಮೆ ಕಲಿಯುವಂಥದ್ದಲ್ಲ. ನಾಲಿಗೆ ದಿನವೂ ತಿರುಗಬೇಕು. ಐನ್, ಹಾ, ದ್ವಾದ್ ಅಕ್ಷರಗಳ ಉಚ್ಚಾರ ಭಾನುವಾರ ಸರಿಯಾದರೆ ಗುರುವಾರದ ಹೊತ್ತಿಗೆ ಹಳೇ ದಾರಿಗೇ ಹೋಗಿರುತ್ತದೆ.

ಅದೇ ಕಾಗದದ ಮೇಲೆ ಇನ್ನೊಂದು ಲೆಕ್ಕವೂ ಮೂಡಿತು. ಮನೆಯಲ್ಲಿ ದಿನಕ್ಕೆ ಹದಿನೈದೇ ನಿಮಿಷ, ಆರು ದಿನ. ವಾರಕ್ಕೆ ತೊಂಬತ್ತು ನಿಮಿಷ. ವರ್ಷಕ್ಕೆ 60 ಗಂಟೆ. ತರಗತಿಯ ಗಂಟೆಗಳಿಗೆ ಬಹುತೇಕ ಸಮ! ಆವರೆಗೆ ನಾವು ವಾರದ ತರಗತಿಯನ್ನು ಕಲಿಯುವ ಜಾಗ ಎಂದುಕೊಂಡಿದ್ದೆವು. ಅದು ಆರು ದಿನದ ಮನೆಪಾಠವನ್ನು ಒಪ್ಪಿಸಿ, ತಿದ್ದಿಸಿಕೊಂಡು, ಮುಂದಿನ ಆರು ದಿನಕ್ಕೆ ಪಾಠ ತೆಗೆದುಕೊಂಡು ಹೋಗುವ ಜಾಗ ಎಂದು ಅಂದು ಅರ್ಥವಾಯಿತು. ಆ ಮೇಲೆ ವೇಳಾಪಟ್ಟಿ ತಾನಾಗಿ ಬದಲಾಯಿತು. ಮೊದಲು ಮನೆಯ ಹದಿನೈದು ನಿಮಿಷವನ್ನು ಗೊತ್ತುಮಾಡಿ, ಆ ಬಳಿಕ ತರಗತಿಯ ದಿನವನ್ನು ಹುಡುಕಿದೆವು.

ಮನೆಯ ಹೊತ್ತು ಮಾತ್ರ ಮಗ್ರಿಬ್‌ನೊಂದಿಗೇ ಇರಲಿ ಎಂದೆವು. ಮನೆಯೊಳಗೆ ಗಡಿಯಾರದ ಜಗಳವಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಗು ಹೇಗೂ ಒಳಗೆ ಬಂದಿರುತ್ತದೆ. ತಾಯಿಯೋ ತಂದೆಯೋ ಪಕ್ಕದಲ್ಲಿ ಕೂರಬೇಕು ಎಂಬುದೊಂದೇ ಷರತ್ತು, ಮೊಬೈಲ್ ಇನ್ನೊಂದು ಕೋಣೆಯಲ್ಲಿರಬೇಕು. ತಮಗೇ ಓದು ಸರಿ ಬರುವುದಿಲ್ಲ ಎಂದು ಮೂವರು ತಂದೆಯರು ಹಿಂಜರಿದರು. ಅವರು ಈಗ ಮಕ್ಕಳ ಪುಸ್ತಕದಲ್ಲೇ ಜೊತೆಗೆ ಕಲಿಯುತ್ತಿದ್ದಾರೆ, ಮಕ್ಕಳಿಗೆ ಅಪ್ಪನನ್ನು ತಿದ್ದುವುದರಲ್ಲಿ ಇರುವ ಖುಷಿ ಬೇರೆ ಯಾವುದರಲ್ಲೂ ಇಲ್ಲ. ಶುಕ್ರವಾರದ ಹದಿನೈದು ನಿಮಿಷಕ್ಕೆ ಕುರ್‌ಆನ್ ಪಾಠದ ಬದಲು ಈ ಮಾಸಿಕದಲ್ಲಿ ಬರುವ ಖುತ್ಬಾ ಸಾರಾಂಶಗಳಲ್ಲಿ ಒಂದನ್ನು ಗಟ್ಟಿಯಾಗಿ ಓದಿಸುವ ಮನೆಗಳೂ ಇವೆ. ಕನ್ನಡ ಓದಲು ತಡವರಿಸುವ ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಅದರಿಂದ ಎರಡು ಲಾಭ.

ಇನ್ನು ದಿನ. ಹಳೆಯ ಮಕ್ತಬ್‌ಗಳಲ್ಲಿ ಗುರುವಾರ ಮಧ್ಯಾಹ್ನದಿಂದ ಶುಕ್ರವಾರ ಮುಗಿಯುವವರೆಗೆ ಮಕ್ಕಳಿಗೆ ಬಿಡುವು, ಅದಕ್ಕೆ ಮೊದಲು ಆ ವಾರದ ಪಾಠದ ಪುನರಾವರ್ತನೆ. ಹಿಜರಿ 403ರಲ್ಲಿ ನಿಧನರಾದ ಕೈರವಾನ್‌ನ ವಿದ್ವಾಂಸ ಅಲ್‌ಖಾಬಿಸಿ ಶಿಕ್ಷಕರ ಕುರಿತು ಬರೆದ ಕೃತಿಯಲ್ಲಿ ಈ ರೂಢಿಯನ್ನು ಕಾಣುತ್ತೇವೆ. ಸಾವಿರ ವರ್ಷದ ಹಿಂದೆಯೂ ಮಕ್ಕಳಿಗೆ ವಾರದಲ್ಲೊಂದು ಬಿಡುವು ಬೇಕೆಂದು ಗುರುಗಳಿಗೆ ಗೊತ್ತಿತ್ತು. ನಮ್ಮಲ್ಲಿ ಬಿಡುವೆಂದರೆ ಭಾನುವಾರ ಒಂದೇ. ಅದನ್ನೂ ನಾವು ಕಿತ್ತುಕೊಂಡರೆ ಮಗುವಿಗೆ ದೀನ್ ಎಂದರೆ ಆಟ ತಪ್ಪಿಸುವ ಸಂಗತಿ ಎಂದಾದೀತು. ಶನಿವಾರವೂ ಹೇಳಿದಷ್ಟು ಸುಲಭವಲ್ಲ. ಕೆಲವು ಶಾಲೆಗಳಿಗೆ ಪೂರ್ತಿ ರಜೆ, ಕೆಲವಕ್ಕೆ ಅರ್ಧ ದಿನ, ಕೆಲವಕ್ಕೆ ವಾರ ಬಿಟ್ಟು ವಾರ.

ಭಾನುವಾರವನ್ನೇ ಆರಿಸಿದೆವು, ಆದರೆ ಬೆಳಗನ್ನು ಮಕ್ಕಳಿಗೇ ಬಿಟ್ಟೆವು. ನಿದ್ದೆ, ಕ್ರಿಕೆಟ್, ಏನಾದರೂ ಮಾಡಲಿ. ತರಗತಿ 11.15ರಿಂದ 1 ಗಂಟೆಯವರೆಗೆ, 1.15ಕ್ಕೆ ಝುಹರ್ ಜಮಾಅತ್. ಐದು ಹೊತ್ತಿನಲ್ಲಿ ವರ್ಷವಿಡೀ ಅತಿ ಕಡಿಮೆ ಅಲುಗಾಡುವುದು ಝುಹರ್. ಬೆಂಗಳೂರಿನಲ್ಲಿ ಸೂರ್ಯ ನೆತ್ತಿ ದಾಟುವುದು ನವೆಂಬರ್ ಮೊದಲಲ್ಲಿ 12.03ರ ಹೊತ್ತಿಗೆ, ಫೆಬ್ರವರಿಯಲ್ಲಿ 12.34ರ ಹೊತ್ತಿಗೆ. ಅರ್ಧ ಗಂಟೆಯ ಅಂತರ ಅಷ್ಟೇ. ಹಾಗಾಗಿ ಜಮಾಅತ್‌ನ ಹೊತ್ತು ವರ್ಷಪೂರ್ತಿ ಒಂದೇ. ಮದ್‌ಹಬ್‌ನ ತೊಡಕೂ ಇಲ್ಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತರಗತಿ ನಮಾಝಿನಲ್ಲಿ ಮುಗಿಯುತ್ತದೆ. ವುಝೂ ಮಾಡುವುದನ್ನು ಹಲಗೆಯ ಮೇಲೆ ಬರೆದು ಕಲಿಸಬೇಕಿಲ್ಲ, ನಲ್ಲಿಯ ಮುಂದೆ ನಿಲ್ಲಿಸಿದರಾಯಿತು. ಕರೆದೊಯ್ಯಲು ಬರುವ ತಂದೆಯರೂ ಜಮಾಅತ್‌ಗೆ ನಿಲ್ಲುತ್ತಾರೆ. ಅದಕ್ಕೆ ಮೊದಲು ಹೊರಗೆ ಕಾರಿನಲ್ಲೇ ಕಾಯುತ್ತಿದ್ದವರು ಯಾರೆಂದು ಇಲ್ಲಿ ಬರೆಯುವುದು ಬೇಡ.

ಒಂದೂಮುಕ್ಕಾಲು ಗಂಟೆಯನ್ನು ಹಂಚಿದ್ದು ಹೀಗೆ: ಮೊದಲು ಮನೆಪಾಠ ಒಪ್ಪಿಸುವುದು, ಇಪ್ಪತ್ತೈದು ನಿಮಿಷ. ಬಳಿಕ ಹೊಸ ಆಯತ್‌ಗಳ ಓದು, ಇಪ್ಪತ್ತು ನಿಮಿಷ. ಹದಿನೈದು ನಿಮಿಷ ತಿಂಡಿ. ಆ ಮೇಲೆ ಇಪ್ಪತ್ತೈದು ನಿಮಿಷ ಸೀರಾ ಅಥವಾ ಅಖ್ಲಾಕ್, ಕೊನೆಗೆ ಇಪ್ಪತ್ತು ನಿಮಿಷ ವುಝೂ ಮತ್ತು ನಮಾಝಿನ ಅಭ್ಯಾಸ. ತಿಂಡಿಯ ಹದಿನೈದು ನಿಮಿಷವನ್ನು ಕಡಿತ ಮಾಡಿ ಪಾಠಕ್ಕೆ ಸೇರಿಸೋಣ ಎಂದು ಒಬ್ಬರು ಸೂಚಿಸಿದರು. ಹಾಗೆ ಮಾಡಬೇಡಿ. ಬೇರೆ ಬೇರೆ ಶಾಲೆಗಳ ಮಕ್ಕಳು ಪರಸ್ಪರ ಗೆಳೆಯರಾಗುವುದು ಆ ಹದಿನೈದು ನಿಮಿಷದಲ್ಲಿ. ಹೈಸ್ಕೂಲಿಗೆ ಹೋದ ಮೇಲೂ ಅವರನ್ನು ತರಗತಿಗೆ ಎಳೆದು ತರುವುದು ಆ ಗೆಳೆತನವೇ.

ಹೆಣ್ಣುಮಕ್ಕಳ ವಿಷಯವನ್ನು ನಾವು ತಡವಾಗಿ ಯೋಚಿಸಿದೆವು, ತಪ್ಪು ನಮ್ಮದೇ. ಹನ್ನೆರಡು ದಾಟಿದ ಹುಡುಗಿಯರು ತಿಂಗಳಿಗೊಂದು ಭಾನುವಾರ ಬರುತ್ತಿರಲಿಲ್ಲ. ಮೊದಲು ಗೈರುಹಾಜರಿ ಎಂದು ಬರೆದುಕೊಂಡೆವು. ನಮಾಝಿಲ್ಲದ ದಿನ ಮಸೀದಿಯ ಒಳಗೆ ಕೂರುವಂತಿಲ್ಲ, ಕಾರಣ ಹೇಳಲು ನಾಚಿಕೆ. ಒಂದು ತಿಂಗಳು ತಪ್ಪಿದವರು ಮರುತಿಂಗಳು ಎರಡು ವಾರ ತಪ್ಪಿಸಿ, ಕೊನೆಗೆ ನಿಂತೇಬಿಟ್ಟರು. ಈಗ ಅವರ ತರಗತಿ ನಮಾಝಿನ ಹಾಲ್‌ನಲ್ಲಿ ಅಲ್ಲ, ಮಸೀದಿಯ ಭಾಗವಾಗಿರದ ಪಕ್ಕದ ಕೋಣೆಯಲ್ಲಿ ನಡೆಯುತ್ತದೆ. ಕಲಿಸುವವರು ಓರ್ವ ಸಹೋದರಿ. ಆ ದಿನಗಳಲ್ಲಿ ಅವರು ಸೀರಾ, ದುಆ, ಫಿಕ್‌ಹ್ ಪಾಠಗಳಿಗೆ ಕೂರುತ್ತಾರೆ, ಯಾರೂ ಏನನ್ನೂ ಕೇಳುವುದಿಲ್ಲ. ಪುರುಷರೇ ನಿಮ್ಮ ಸಮಯವನ್ನೆಲ್ಲ ಪಡೆಯುತ್ತಾರೆ, ನಮಗೂ ಒಂದು ದಿನ ಗೊತ್ತುಪಡಿಸಿ ಎಂದು ಮಹಿಳೆಯರು ಪ್ರವಾದಿ(ಸ)ರಲ್ಲಿ ಕೇಳಿಕೊಂಡಾಗ ಅವರು ದಿನವೊಂದನ್ನು ನಿಗದಿ ಮಾಡಿ ಉಪದೇಶ ನೀಡಿದರು. ಮೊದಲು ಹೇಳಿದ ಬುಖಾರಿಯ ಅದೇ ಅಧ್ಯಾಯದಲ್ಲಿ ಇದೂ ಇದೆ. ನಮ್ಮ ಹುಡುಗಿಯರು ಕೇಳುವವರೆಗೂ ನಾವು ಕಾದದ್ದು ಸರಿಯಲ್ಲ.

ಉಸ್ತಾದರ ವಾರವನ್ನೂ ಎಣಿಸಬೇಕು. ಐದು ಹೊತ್ತಿನ ಇಮಾಮತ್, ಜುಮಾ ಖುತ್ಬಾ, ಯಾರದೋ ಮನೆಯ ದುಆ, ಭಾನುವಾರವೆಂದರೆ ನಿಕಾಹ್. ಅವರ ಭಾನುವಾರವನ್ನು ಸವಾಬಿನ ಹೆಸರಲ್ಲಿ ಉಚಿತವಾಗಿ ಪಡೆಯುವುದು ನಮಗೆ ಸರಿ ಕಾಣಲಿಲ್ಲ. ತರಗತಿಗೆ ಪ್ರತ್ಯೇಕ ಸಂಭಾವನೆ ಇಟ್ಟೆವು, ನಿಕಾಹ್ ಇರುವ ದಿನ ಕಲಿಸಲು ಇನ್ನೊಬ್ಬರನ್ನು ಗೊತ್ತುಮಾಡಿದೆವು.

ಎರಡನೆಯವರು ಏಕೆ ಬೇಕೆಂದರೆ, ತರಗತಿಗೆ ರಜೆ ಕೊಡುವ ಅಭ್ಯಾಸ ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಮೊದಲ ವರ್ಷ ಪ್ರತಿ ವಾರಾಂತ್ಯ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬರುತ್ತಿದ್ದ ಪ್ರಶ್ನೆ ಒಂದೇ: "ಇವತ್ತು ಕ್ಲಾಸ್ ಇದೆಯಾ?" ಈ ಪ್ರಶ್ನೆ ಬರುತ್ತಿರುವವರೆಗೆ ತರಗತಿ ಇನ್ನೂ ಬೇರೂರಿಲ್ಲ ಎಂದೇ ಅರ್ಥ. ಮೂರು ಮಕ್ಕಳು ಬಂದರೂ ತರಗತಿ ನಡೆಯುತ್ತದೆ ಎಂಬ ನಿಯಮ ಮಾಡಿದೆವು. ಕಡಿಮೆಯಾದರೂ ನಿರಂತರವಾಗಿ ಮಾಡುವ ಕರ್ಮ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂದು ಆಯಿಶಾ(ರ) ವರದಿ ಮಾಡಿದ ಹದೀಸ್ ಆ ನಿಯಮಕ್ಕೆ ಆಧಾರ. ಕರಾವಳಿಯ ಮನೆಗಳಿಗೆ ಇದು ಸುಲಭವಲ್ಲ, ಶುಕ್ರವಾರ ರಾತ್ರಿಯ ಬಸ್ಸಿಗೆ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಇಳಿಯುವವರು ನಾವು. ಊರಿಗೆ ಹೋದ ವಾರ ಅಲ್ಲಿಯ ಉಸ್ತಾದರಿಗೋ ಅಜ್ಜಿಗೋ ಪಾಠ ಒಪ್ಪಿಸಿ, ಪುಸ್ತಕದಲ್ಲಿ ಅವರ ಕೈಯಲ್ಲಿ ಗುರುತು ಹಾಕಿಸಿಕೊಂಡು ಬರಬೇಕು ಎಂದೆವು. ಕೆಲವು ಅಜ್ಜಿಯರು ನಮ್ಮ ಉಸ್ತಾದರಿಗಿಂತ ಕಟ್ಟುನಿಟ್ಟು.

ವರ್ಷದ ಲೆಕ್ಕದಲ್ಲಿ ಒಂದು ಮಾತು. ನಮ್ಮ ಮದ್ರಸಗಳ ವರ್ಷ ಶವ್ವಾಲ್‌ನಲ್ಲಿ ಆರಂಭವಾಗುತ್ತದೆ. ಆದರೆ ರಮದಾನ್ ಪ್ರತಿ ವರ್ಷ ಹನ್ನೊಂದು ದಿನದಷ್ಟು ಹಿಂದಕ್ಕೆ ಬರುತ್ತದೆ. 2024ರಲ್ಲಿ ಈದ್ ಏಪ್ರಿಲ್ ಎರಡನೇ ವಾರದಲ್ಲಿತ್ತು, ಶವ್ವಾಲ್ ಎಂದರೆ ಬೇಸಿಗೆ ರಜೆ. 2028ರಲ್ಲಿ ಶವ್ವಾಲ್ ಫೆಬ್ರವರಿ ಕೊನೆಗೆ ಬೀಳುತ್ತದೆ, ಶಾಲೆಯ ಪರೀಕ್ಷೆ ಬಾಗಿಲಲ್ಲಿರುವಾಗ. 2030ರಲ್ಲಂತೂ ಜನವರಿಯಲ್ಲೊಂದು, ಡಿಸೆಂಬರ್ ಕೊನೆಗೆ ಇನ್ನೊಂದು, ಒಂದೇ ಇಸವಿಯಲ್ಲಿ ಎರಡು ರಮದಾನ್ ಶುರುವಾಗುತ್ತವೆ. ದಿನನಿತ್ಯದ ಮದ್ರಸಕ್ಕೆ ತನ್ನದೇ ಪರೀಕ್ಷೆ, ಪಠ್ಯಕ್ರಮಗಳಿವೆ, ಅದು ಶವ್ವಾಲ್‌ನಲ್ಲೇ ಶುರುವಾಗಲಿ. ನಮ್ಮಂಥ ವಾರದ ತರಗತಿ ಶಾಲೆಯ ವರ್ಷದೊಂದಿಗೆ, ಜೂನ್‌ನಲ್ಲಿ ಆರಂಭವಾಗುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ರಮದಾನ್ ಯಾವ ತಿಂಗಳಲ್ಲಿ ಬಂದರೂ ಆ ನಾಲ್ಕು ವಾರ ಪಾಠ ನಿಲ್ಲಿಸಿ ಓದು ಮತ್ತು ದುಆ ಮಾತ್ರ ಇಟ್ಟುಕೊಳ್ಳುತ್ತೇವೆ.

ಈಗ ಉಳಿದಿರುವ ತಲೆನೋವು ಎಂಟನೇ ತರಗತಿ ಮೇಲಿನವರದು. ಎಸ್‌ಎಸ್‌ಎಲ್‌ಸಿ ಹತ್ತಿರವಾಗುತ್ತಿದ್ದಂತೆ ಭಾನುವಾರ ಹಗಲನ್ನು ಟ್ಯೂಷನ್ ನುಂಗುತ್ತದೆ. "ಪರೀಕ್ಷೆ ಮುಗೀಲಿ, ಆಮೇಲೆ ಕಳಿಸ್ತೀವಿ" ಎನ್ನುವ ತಾಯಂದಿರೊಡನೆ ವಾದಿಸಿ ಗೆದ್ದವರು ನಮ್ಮಲ್ಲಿ ಯಾರೂ ಇಲ್ಲ. ಅಜ್ಜನ ಜನಾಝದಲ್ಲಿ ಸುಮ್ಮನೆ ನಿಂತಿದ್ದ ಹುಡುಗನೂ ಈಗ ಹತ್ತನೇ ತರಗತಿ. ಅವನೇ ಒಂದು ದಾರಿ ಹೇಳಿದ: ದೊಡ್ಡವರಿಗೆ ಶನಿವಾರ ಸಂಜೆ ಇಡಿ. ಹಳೆಯ ಮಗ್ರಿಬ್ ತರಗತಿಯ ಕತೆ ನೆನಪಾಗಿ ನಾವು ಹಿಂಜರಿದಾಗ ಅವನ ಲೆಕ್ಕ ಹೀಗಿತ್ತು. ಮಗ್ರಿಬ್ ಆದ ಮೇಲೆ ಎನ್ನಬೇಡಿ, 5.30ರಿಂದ 7.15 ಎನ್ನಿ. ಬೆಂಗಳೂರಿನಲ್ಲಿ ವರ್ಷದ ಯಾವ ತಿಂಗಳಾದರೂ ಮಗ್ರಿಬ್ ಅದರೊಳಗೇ ಬೀಳುತ್ತದೆ. ನವೆಂಬರ್‌ನಲ್ಲಿ ಶುರುವಾದ ಇಪ್ಪತ್ತು ನಿಮಿಷಕ್ಕೆ ಏಳುವುದು, ಜುಲೈಯಲ್ಲಿ ಮುಗಿಯುವ ಮೊದಲು ಏಳುವುದು, ಅಷ್ಟೇ ವ್ಯತ್ಯಾಸ. ಜೂನ್ ಮೊದಲ ಶನಿವಾರದಿಂದ ಹಾಗೆ ಮಾಡಿ ನೋಡುತ್ತಿದ್ದೇವೆ. ಹೆಸರು ಕೊಟ್ಟವರು ಸದ್ಯಕ್ಕೆ ಒಂಬತ್ತು ಮಂದಿ.